ಪ್ರಿನ್ಸ್ ರೂಪರ್ಟ್: ಮಳೆ ಬಿಡುವು ಕೊಡದ ಕರಾವಳಿಯಲ್ಲಿ

ಗುರುವಾರ

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನಡುನಾಡಿನಲ್ಲಿರುವ ಪ್ರಿನ್ಸ್ ಜಾರ್ಜ್‌ನಿಂದ ಬೆಳಿಗ್ಗೆ ಎಂಟಕ್ಕೆ ಹೊರಡುವ ರೈಲು ದಿನವಿಡೀ ಪಶ್ಚಿಮಕ್ಕೆ ಓಡಿ, ರಾತ್ರಿ ಎಂಟೂವರೆಯ ಸುಮಾರಿಗೆ ಪೆಸಿಫಿಕ್ ಕರಾವಳಿಯ ಪ್ರಿನ್ಸ್ ರೂಪರ್ಟ್ ಸೇರುತ್ತದೆ. ವಾರಕ್ಕೆ ಮೂರು ಸಲ ಮಾತ್ರ ಈ ರೈಲು. ವಿಮಾನದಲ್ಲಿ ಹೋದರೆ ಬೇಗ ತಲುಪಬಹುದು. ಆದರೆ ಒಂದು ಊರಿಗೆ ಅಷ್ಟು ಮಳೆ ಏಕೆ ಬೀಳುತ್ತದೆ ಎಂದು ತಿಳಿಯಬೇಕಾದರೆ ನೆಲದ ಮೇಲೆಯೇ ಹೋಗಬೇಕು. ಒಣನಾಡು ಒದ್ದೆನಾಡಾಗುವುದನ್ನು ಇಲ್ಲಿ ಒಂದೇ ಹಗಲಿನಲ್ಲಿ, ರೈಲಿನ ಕಿಟಕಿಯಿಂದ, ಗಿಡಮರಗಳನ್ನು ನೋಡಿಯೇ ಅರಿತುಕೊಳ್ಳಬಹುದು.

ಜೊತೆಗೆ ಅಪ್ಪಯ್ಯ ಇದ್ದರು. ಅವರು ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರರು. ಮಳೆಗಾಲದ ಬೋರ್ಡೋ ಸಿಂಪಡಣೆ ಮುಗಿಸಿ, ತೋಟವನ್ನು ತಮ್ಮನಿಗೆ ಒಪ್ಪಿಸಿ, ವ್ಯಾಂಕೂವರ್‌ನಲ್ಲಿರುವ ನನ್ನ ಮನೆಗೆ ಬಂದಿದ್ದರು. ಮನೆಯಂಗಳದ ಮಳೆಮಾಪಕದ ಲೆಕ್ಕವನ್ನು ದಿನವೂ ಡೈರಿಯಲ್ಲಿ ಬರೆದಿಡುವುದು ಅವರ ಬಹುಕಾಲದ ರೂಢಿ. ಮಲೆನಾಡಿನ ಹಳೆಯ ಬೆಳೆಗಾರರ ಹಾಗೆ ಅವರಿಗೂ ಮಳೆಯೆಂದರೆ ಇಂಚು. ಮಿಲಿಮೀಟರಿನಲ್ಲಿ ಹೇಳಿದರೆ ಮನಸ್ಸಿನಲ್ಲೇ ಇಪ್ಪತ್ತೈದರಿಂದ ಭಾಗಿಸಿಕೊಳ್ಳುತ್ತಾರೆ. ಮಳೆಯ ಊರು ಒಂದಿದೆ, ನೋಡಿ ಬರೋಣವೇ ಎಂದು ಕೇಳಿದಾಗ ಬೇರೆ ಯಾವ ಊರಿಗೂ ತೋರಿಸದ ಉತ್ಸಾಹ ತೋರಿಸಿದ್ದರು.

ಸೆಪ್ಟೆಂಬರ್ ಮೊದಲ ವಾರ. ಪ್ರಿನ್ಸ್ ಜಾರ್ಜ್ ಬಿಟ್ಟ ಮೇಲೆ ಬಹಳ ಹೊತ್ತು ಸಮತಟ್ಟು ನೆಲ. ವ್ಯಾಂಡರ್‌ಹೂಫ್ ಸುತ್ತ ಹುಲ್ಲು ಕೊಯ್ದು ಸುರುಳಿ ಸುತ್ತಿಟ್ಟ ಹೊಲಗಳು, ದನಗಳು, ಬೇಲಿ. ಆಸ್ಪೆನ್ ಮರಗಳ ಎಲೆ ಅಲ್ಲಲ್ಲಿ ಹಳದಿಗೆ ತಿರುಗಿತ್ತು. ನಡುವೆ ತೊಗಟೆ ದುಂಬಿಯ ಹಾವಳಿಗೆ ಸತ್ತ ಪೈನ್ ಮರಗಳ ಬೂದು ಕಾಂಡಗಳು. ಇಲ್ಲಿ ವರ್ಷಕ್ಕೆ ಬೀಳುವುದು, ಹಿಮವನ್ನು ಕರಗಿಸಿ ಲೆಕ್ಕಕ್ಕೆ ಸೇರಿಸಿದರೂ, 500ರಿಂದ 600 ಮಿಲಿಮೀಟರ್. ‘ನಮ್ಮ ಚಿತ್ರದುರ್ಗದ ಮಳೆ’ ಎಂದರು ಅಪ್ಪಯ್ಯ. ಚಳಿಗಾಲದ ಹಿಮವೊಂದನ್ನು ಬಿಟ್ಟರೆ ಆ ಮಾತು ಸರಿಯೇ. ಪೂರ್ವದಿಂದಲೂ ಪಶ್ಚಿಮದಿಂದಲೂ ಹಳಿ ಹಾಕುತ್ತ ಬಂದವರು ಸೇರಿದ ಜಾಗ ಫೋರ್ಟ್ ಫ್ರೇಸರ್ ಬಳಿ ಇದೆ. 1914ರ ಏಪ್ರಿಲ್ 7ರಂದು ಅಲ್ಲಿ ಗ್ರ್ಯಾಂಡ್ ಟ್ರಂಕ್ ಪೆಸಿಫಿಕ್ ಮಾರ್ಗದ ಕೊನೆಯ ಮೊಳೆ ಹೊಡೆದರು.

ಎದುರಿನಿಂದ ಉದ್ದುದ್ದದ ಕಂಟೇನರ್ ರೈಲುಗಳು ಬರುತ್ತಿದ್ದವು. ಅವಕ್ಕೆ ದಾರಿ ಬಿಟ್ಟು ನಮ್ಮ ರೈಲು ಪಕ್ಕದ ಹಳಿಯಲ್ಲಿ ನಿಲ್ಲುತ್ತಿತ್ತು. ಆ ಪೆಟ್ಟಿಗೆಗಳೆಲ್ಲ ನಾವು ಹೋಗುತ್ತಿದ್ದ ಊರಿನ ಬಂದರಿನಲ್ಲೇ ಹಡಗಿನಿಂದ ಇಳಿದವು.

ಸ್ಮಿದರ್ಸ್‌ನಲ್ಲಿ ಹಡ್ಸನ್ ಬೇ ಪರ್ವತ ಕಂಡಿತು. ಅಲ್ಲಿಂದ ಮುಂದೆ ಬೆಟ್ಟಗಳು ಹತ್ತಿರ ಬರತೊಡಗಿದವು. ಹೇಝಲ್ಟನ್ ಬಳಿ ಬಲ್ಕ್ಲಿ ನದಿ ಸ್ಕೀನಾ ನದಿಯನ್ನು ಕೂಡುತ್ತದೆ. ಅಲ್ಲಿಂದ ಸಮುದ್ರದವರೆಗೂ ರೈಲು ಸ್ಕೀನಾದ ಜೊತೆ ಬಿಡುವುದಿಲ್ಲ. ಆಸ್ಪೆನ್ ಕಡಿಮೆಯಾಯಿತು. ಒದ್ದೆನಾಡಿನ ಮರವಾದ ಹೆಮ್‌ಲಾಕ್ ಬಂತು, ಅದರ ಹಿಂದೆಯೇ ಕೆಂಪು ಸೀಡರ್. ಟೆರೇಸ್ ಪಟ್ಟಣದ ಹೊತ್ತಿಗೆ ವಾರ್ಷಿಕ ಮಳೆ 1,300 ಮಿಲಿಮೀಟರ್ ಮುಟ್ಟಿರುತ್ತದೆ. ಆಕಾಶದ ನೀಲಿ ಎಲ್ಲಿ ಮುಗಿಯಿತು ಎಂದು ನೆನಪಿಲ್ಲ. ಟೆರೇಸ್ ನಿಲ್ದಾಣದಲ್ಲಿ ಮಾತ್ರ ಪ್ಲಾಟ್‌ಫಾರ್ಮ್ ಒದ್ದೆಯಾಗಿತ್ತು.

ಟೆರೇಸ್‌ನಿಂದ ರೂಪರ್ಟ್‌ವರೆಗಿನ ಸುಮಾರು 145 ಕಿಲೋಮೀಟರ್ ಹಾದಿಯನ್ನು ನಾನು ಇಡೀ ಪ್ರಯಾಣದ ತಿರುಳು ಎನ್ನುತ್ತೇನೆ. ಒಂದು ಬದಿ ಕರಾವಳಿ ಪರ್ವತಗಳ ಕಡಿದಾದ ಬಂಡೆ, ಇನ್ನೊಂದು ಬದಿ ನದಿ. ನಡುವೆ ಇರುವ ಇಕ್ಕಟ್ಟಿನಲ್ಲಿ ಹೆದ್ದಾರಿ, ಹಳಿ ಎರಡೂ ಹೇಗೋ ಹಿಡಿಸಿವೆ. ಬಂಡೆಯ ಮೇಲಿಂದ ನೂರಾರು ಅಡಿ ಎತ್ತರದ ಬೆಳ್ಳಗಿನ ಜಲಪಾತಗಳು, ಒಂದರ ಹಿಂದೆ ಒಂದು. ಮೋಡ ಬೆಟ್ಟದ ನೆತ್ತಿಯಲ್ಲಿರಲಿಲ್ಲ, ಸೊಂಟಕ್ಕೆ ಇಳಿದಿತ್ತು. ನದಿ ಅಗಲವಾಗುತ್ತ ಹೋಗಿ ಮರಳದಿಣ್ಣೆಗಳು ಕಾಣಿಸಿದವು. ಸಮುದ್ರ ಇನ್ನೂ ದೂರವಿದ್ದರೂ ಉಬ್ಬರದ ನೀರು ನದಿಯೊಳಗೆ ಬಹುದೂರ ಏರಿ ಬರುತ್ತದೆ. ಅದರ ಜೊತೆ ಮೀನಿನ ಬೆನ್ನು ಹತ್ತಿ ಸೀಲ್‌ಗಳೂ ಬರುತ್ತವೆ.

‘ಬಯಲುಸೀಮೆಯಿಂದ ಹೊರಟು ಆಗುಂಬೆ ಘಾಟಿ ಇಳಿದ ಹಾಗೆಯೇ ಆಯಿತಲ್ಲ ಮಗಳೇ’ ಎಂದರು ಅಪ್ಪಯ್ಯ. ಅದು ಬರಿಯ ಹೋಲಿಕೆಯಲ್ಲ, ಎರಡೂ ಕಡೆ ನಡೆಯುವ ಕ್ರಿಯೆ ಒಂದೇ. ಸಮುದ್ರದ ಮೇಲಿಂದ ಬಂದ ತೇವದ ಗಾಳಿ ಪರ್ವತಕ್ಕೆ ತಡೆದು ಮೇಲೇರುತ್ತದೆ, ಏರುತ್ತ ತಣ್ಣಗಾಗುತ್ತದೆ, ತಣ್ಣಗಾದ ಗಾಳಿ ತನ್ನ ತೇವವನ್ನು ಹಿಡಿದಿಟ್ಟುಕೊಳ್ಳಲಾರದೆ ಸುರಿಸುತ್ತದೆ. ಆಚೆ ಇಳಿಯುವಾಗ ಅದರಲ್ಲಿ ಉಳಿದಿರುವುದು ಅಲ್ಪಸ್ವಲ್ಪ. ವ್ಯಾಂಡರ್‌ಹೂಫ್‌ನ ಹುಲ್ಲಿನ ಹೊಲಗಳು ಆ ಅಳಿದುಳಿದ ಮಳೆಯಲ್ಲಿ ಬೆಳೆದವು.

ರೂಪರ್ಟ್ ತಲುಪಿದಾಗ ಬೆಳಕು ಇನ್ನೂ ಪೂರ್ತಿ ಆರಿರಲಿಲ್ಲ. ಸೋನೆ ಹಿಡಿದಿತ್ತು.

ಶುಕ್ರವಾರ

ರಾತ್ರಿಯಿಡೀ ಮಾಡಿನ ಮೇಲೆ ಮಳೆಯ ಸದ್ದು ನಿಲ್ಲಲಿಲ್ಲ. ಮಲಗುವ ಮೊದಲು ಅಪ್ಪಯ್ಯ ನಮ್ಮ ಕೋಣೆಯ ಬಾಲ್ಕನಿಯಲ್ಲಿ, ಮೇಲೆ ಏನೂ ಅಡ್ಡವಿಲ್ಲದ ಜಾಗ ಹುಡುಕಿ, ನೇರ ಅಂಚಿನ ಒಂದು ಗಾಜಿನ ಲೋಟ ಇಟ್ಟಿದ್ದರು. ಗಾಳಿಗೆ ಬೀಳದಂತೆ ಸುತ್ತ ಕಲ್ಲು ಒತ್ತಿಟ್ಟಿದ್ದರು. ತಳ ದಪ್ಪವಿರಬಾರದು, ಬಾಯಿಗೂ ತಳಕ್ಕೂ ಅಗಲ ಒಂದೇ ಇರಬೇಕು ಎಂದು ಅಂಗಡಿಯಲ್ಲಿ ಹತ್ತು ಲೋಟ ತಿರುಗಿಸಿ ನೋಡಿ ಆರಿಸಿದ್ದು. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ, ಊರಿನಲ್ಲಿ ಅಳೆಯುವ ಹೊತ್ತಿಗೇ, ಸ್ಕೇಲ್ ಹಿಡಿದು ನೋಡಿದರು. ಹನ್ನೊಂದು ಮಿಲಿಮೀಟರ್.

‘ಇಷ್ಟೇನಾ? ರಾತ್ರಿಯೆಲ್ಲ ಸುರಿಯಿತಲ್ಲ!’

ರೂಪರ್ಟ್‌ನ ಹವಾಮಾನವೆಲ್ಲ ಆ ಪ್ರಶ್ನೆಯಲ್ಲಿದೆ. ಊರಿನ ಸರಾಸರಿ ವಾರ್ಷಿಕ ಮಳೆ ಸುಮಾರು 2,600 ಮಿಲಿಮೀಟರ್, ಅಪ್ಪಯ್ಯನ ಲೆಕ್ಕದಲ್ಲಿ ನೂರಕ್ಕೆ ಒಂದೆರಡು ಇಂಚು ಹೆಚ್ಚು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರುತ್ತದೆ. ಜುಲೈ ಒಂದರಲ್ಲೇ 2,000 ದಾಟುತ್ತದೆ. ಮೊತ್ತವನ್ನಷ್ಟೇ ನೋಡಿದರೆ ಮಲೆನಾಡಿನವರಿಗೆ ರೂಪರ್ಟ್ ದೊಡ್ಡದೆನಿಸದು. ಆದರೆ ಆಗುಂಬೆಯ ಮಳೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಯುತ್ತದೆ, ದೀಪಾವಳಿಯ ಹೊತ್ತಿಗೆ ಅಂಗಳ ಒಣಗಿ ಸೆಗಣಿ ಸಾರಿಸಬಹುದು. ಇಲ್ಲಿ ವರ್ಷದ ಸುಮಾರು 240 ದಿನ ಮಳೆಯೋ ಹಿಮವೋ ಒಂದಿಷ್ಟು ಬೀಳುತ್ತದೆ. ಒಣ ತಿಂಗಳುಗಳೆನಿಸಿದ ಜೂನ್, ಜುಲೈಗಳಲ್ಲೂ ತಲಾ 120 ಮಿಲಿಮೀಟರ್ ಆಸುಪಾಸು. ಅಕ್ಟೋಬರಿನಲ್ಲಿ 370ರ ಹತ್ತಿರ. ನಕ್ಷತ್ರದ ಲೆಕ್ಕ ಹಾಕಿ ಮಳೆಗೆ ಕಾಯುವುದು, ಮಳೆ ಹಿಂದೆ ಸರಿಯಿತೆಂದು ಹಪ್ಪಳ ಒಣಗಿಸಲು ಹೊರಡುವುದು ಯಾವುದಕ್ಕೂ ಇಲ್ಲಿ ಆಸ್ಪದವಿಲ್ಲ. ಮೋಡ ಎಷ್ಟು ಗಟ್ಟಿಯೆಂದರೆ ವರ್ಷಕ್ಕೆ ಸಿಗುವ ಬಿಸಿಲು 1,250 ಗಂಟೆಯ ಆಸುಪಾಸು. ಬೆಂಗಳೂರಿಗೆ ಸುಮಾರು ಅದರ ಎರಡು ಪಟ್ಟು ಸಿಗುತ್ತದೆ.

ಕಾರಣ ಸಮುದ್ರದ ಮೇಲಿದೆ. ಶರತ್ಕಾಲ ಬಂದಂತೆ ಅಲಾಸ್ಕಾದಿಂದ ಪಶ್ಚಿಮಕ್ಕೆ ಚಾಚಿದ ಅಲ್ಯೂಷಿಯನ್ ದ್ವೀಪಗಳ ಸುತ್ತ ವಾಯುಭಾರ ಕುಸಿದು ಒಂದು ವಿಶಾಲ ಕಡಿಮೆ ಒತ್ತಡದ ಪ್ರದೇಶ ನೆಲೆಯೂರುತ್ತದೆ. ಅದರ ಸುತ್ತ ಹುಟ್ಟಿದ ಚಂಡಮಾರುತಗಳು ಒಂದರ ಬಾಲ ಹಿಡಿದು ಇನ್ನೊಂದರಂತೆ ಈ ದಡಕ್ಕೆ ಬಂದು ಪರ್ವತಕ್ಕೆ ತಾಗುತ್ತವೆ. ಕೆಲವೊಮ್ಮೆ ಹವಾಯಿ ಕಡೆಯಿಂದ ಬೆಚ್ಚನೆಯ ತೇವದ ಪಟ್ಟಿಯೊಂದು ಸಾವಿರಾರು ಕಿಲೋಮೀಟರ್ ಚಾಚಿಕೊಂಡು ಬರುತ್ತದೆ. ಹವಾಮಾನ ತಜ್ಞರು ಅದನ್ನು ವಾತಾವರಣದ ನದಿ ಎನ್ನುತ್ತಾರೆ. ಆಗ ಮಾತ್ರ ನಮ್ಮ ಆಷಾಢದಂತಹ ಜಡಿಮಳೆ. ಬೇಸಿಗೆಯಲ್ಲಿ ಪೆಸಿಫಿಕ್‌ನ ಹೆಚ್ಚು ಒತ್ತಡದ ಪ್ರದೇಶ ಉತ್ತರಕ್ಕೆ ಸರಿದು ಚಂಡಮಾರುತಗಳನ್ನು ತುಸು ಆಚೆ ತಳ್ಳುತ್ತದೆ. ನಮ್ಮ ಮುಂಗಾರು ಬೇಸಿಗೆಯಲ್ಲಿ ಕಾದ ನೆಲದ ಸೆಳೆತದಿಂದ ಬರುವುದಾದರೆ, ಇಲ್ಲಿನ ದೊಡ್ಡ ಮಳೆ ಚಳಿಗಾಲದ ಸಮುದ್ರದ್ದು. ಎರಡು ಮಳೆಗಳಿಗೂ ಬೆಟ್ಟ ಒಂದೇ ಬಗೆಯದು, ಗಾಳಿ ಬೇರೆ ಬಗೆಯದು.

ಅದೇ ಸಮುದ್ರ ಚಳಿಯನ್ನೂ ತಡೆಯುತ್ತದೆ. ಊರು ಇರುವುದು 54 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಲಾಸ್ಕಾದ ಗಡಿಗೆ ಅನತಿ ದೂರದಲ್ಲಿ. ಹಾಗಿದ್ದೂ ಜನವರಿಯ ಸರಾಸರಿ ಉಷ್ಣಾಂಶ ಶೂನ್ಯಕ್ಕಿಂತ ಎರಡು ಡಿಗ್ರಿಯಷ್ಟು ಮೇಲೆಯೇ ಇರುತ್ತದೆ. ಆಗಸ್ಟ್ ಸರಾಸರಿ 14 ಡಿಗ್ರಿಯ ಹತ್ತಿರ. ಇದೇ ಕೆನಡಾದ ಪೂರ್ವ ತುದಿಯ ಲ್ಯಾಬ್ರಡಾರ್‌ನಲ್ಲಿ, ಹೆಚ್ಚುಕಡಿಮೆ ಇದೇ ಅಕ್ಷಾಂಶದ ಗೂಸ್ ಬೇಯಲ್ಲಿ ಜನವರಿ ಸರಾಸರಿ ಮೈನಸ್ 17ರ ಸುಮಾರು. ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ರೂಪರ್ಟ್‌ಗೆ ಸಮುದ್ರದ ಗಾಳಿ, ಗೂಸ್ ಬೇಗೆ ಹೆಪ್ಪುಗಟ್ಟಿದ ಭೂಖಂಡದ ಗಾಳಿ.

ತಿಂಡಿಯ ನಂತರ ಊರು ಸುತ್ತಿದೆವು. ಪ್ರಿನ್ಸ್ ರೂಪರ್ಟ್ ಇರುವುದು ಕೇಯೆನ್ ಎಂಬ ದ್ವೀಪದ ಮೇಲೆ. ಚಿಕ್ಕ ಸೇತುವೆಯೊಂದು ಅದನ್ನು ಮುಖ್ಯಭೂಮಿಗೆ ಜೋಡಿಸುತ್ತದೆ. ಬೆನ್ನಿಗೆ ಸುಮಾರು 700 ಮೀಟರ್ ಎತ್ತರದ ಮೌಂಟ್ ಹೇಸ್, ಎದುರಿಗೆ ಬಂದರು. ಎರಡರ ನಡುವಿನ ಇಳಿಜಾರಿನಲ್ಲಿ ಊರು. ವಿಮಾನ ನಿಲ್ದಾಣ ಎದುರಿನ ಡಿಗ್ಬಿ ದ್ವೀಪದಲ್ಲಿದೆ, ವಿಮಾನ ಹತ್ತಬೇಕಾದರೆ ಮೊದಲು ದೋಣಿ ಹತ್ತಬೇಕು. ಸಮತಟ್ಟಾದ ನೆಲವೆಂಬುದೇ ಇಲ್ಲದ, ಬಂಡೆಯೋ ಜೌಗೋ ಎರಡರಲ್ಲೊಂದಾದ ಈ ಜಾಗದಲ್ಲಿ ಊರು ಕಟ್ಟಿದ್ದೇ ಒಂದು ಸಾಹಸ. ಮೊದಮೊದಲ ಬೀದಿಗಳೆಂದರೆ ಜೌಗಿನ ಮೇಲೆ ಕಂಬ ನೆಟ್ಟು ಹಾಸಿದ ಹಲಗೆಗಳು. ಗ್ರ್ಯಾಂಡ್ ಟ್ರಂಕ್ ಕಂಪನಿಯ ಮುಖ್ಯಸ್ಥ ಚಾರ್ಲ್ಸ್ ಮೆಲ್ವಿಲ್ ಹೇಸ್ ಇದನ್ನು ವ್ಯಾಂಕೂವರ್‌ಗೆ ಸಾಟಿಯಾಗುವ ಮಹಾನಗರವಾಗಿ ಬೆಳೆಸುವ ಕನಸು ಕಂಡಿದ್ದ. 1910ರಲ್ಲಿ ಊರಿಗೆ ನಗರದ ಸ್ಥಾನ ಸಿಕ್ಕಿತು. 1912ರಲ್ಲಿ ಹೇಸ್ ಟೈಟಾನಿಕ್ ಹಡಗಿನೊಂದಿಗೆ ಮುಳುಗಿಹೋದ. ಮಹಾನಗರ ಆಗಲಿಲ್ಲ. 1990ರ ದಶಕದಲ್ಲಿ 16,000ಕ್ಕಿಂತ ಹೆಚ್ಚಿದ್ದ ಜನಸಂಖ್ಯೆ ಕಾಗದದ ತಿರುಳಿನ ಕಾರ್ಖಾನೆ ಮುಚ್ಚಿದ ಮೇಲೆ ಇಳಿದು, 2021ರ ಜನಗಣತಿಯಲ್ಲಿ 12,300ರ ಆಸುಪಾಸಿಗೆ ಬಂದಿದೆ. 2007ರಲ್ಲಿ ಶುರುವಾದ ಕಂಟೇನರ್ ಬಂದರು ಈಗ ಊರಿನ ಆಧಾರ. ಹಿಮಯುಗದ ನೀರ್ಗಲ್ಲು ಕೊರೆದ ಕಡಲಚಾಚು ಇದು: ಆಳವಾಗಿದೆ, ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ, ಉತ್ತರ ಅಮೆರಿಕದ ಬೇರೆ ದೊಡ್ಡ ಬಂದರುಗಳಿಗಿಂತ ಏಷ್ಯಾಕ್ಕೆ ಹತ್ತಿರ.

ಬೀದಿಯಲ್ಲಿ ಕೊಡೆ ಹಿಡಿದವರು ನಾವಿಬ್ಬರೇ ಇರಬೇಕು. ಉಳಿದವರೆಲ್ಲ ಟೋಪಿಯುಳ್ಳ ಮಳೆ ಅಂಗಿ, ರಬ್ಬರ್ ಬೂಟು. ಗಾಳಿ ಅಡ್ಡ ಬೀಸುವ ಕಡೆ ಕೊಡೆಗೆ ಕೆಲಸವಿಲ್ಲ. ಮನೆಗಳ ಮಾಡಿನ ಮೇಲೆ ಪಾಚಿ ಮೆತ್ತೆಯಂತೆ ಬೆಳೆದಿತ್ತು. ಜಿಂಕೆಗಳು ರಸ್ತೆಯ ಬದಿ ನಿಂತು ಮನೆಯವರ ಹೂಗಿಡ ಮೇಯುತ್ತಿದ್ದವು, ಯಾರೂ ಅಟ್ಟಲಿಲ್ಲ. ವಿದ್ಯುತ್ ಕಂಬದ ಮೇಲೆ ನೆತ್ತಿ ಬಿಳಿಯ ಹದ್ದು ರೆಕ್ಕೆ ಅಗಲಿಸಿ ಒಣಗಿಸಿಕೊಳ್ಳುತ್ತ ಕೂತಿತ್ತು.

ಕೌ ಬೇ ಎಂಬ ದಕ್ಕೆಯ ಬಳಿ ಊಟ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಕ್ಕೆ ಇಲ್ಲದ ಕಾರಣ ಹಾಲಿನ ಹಸುಗಳನ್ನು ಹಡಗಿನಿಂದ ನೀರಿಗಿಳಿಸಿ ಈಜಿಸಿ ದಡ ಸೇರಿಸಿದ ಜಾಗವಂತೆ. ಹಾಲಿಬಟ್ ಮೀನು ತಿಂದೆವು. ಬಿಳಿ, ದಪ್ಪ ಎಸಳಿನ ಮೀನು. ಅಪ್ಪಯ್ಯನಿಗೆ ಖಾರ ಸಾಲಲಿಲ್ಲ, ಮೀನು ಹಿಡಿಸಿತು.

ಮಧ್ಯಾಹ್ನ ನಾರ್ದರ್ನ್ ಬ್ರಿಟಿಷ್ ಕೊಲಂಬಿಯಾ ವಸ್ತುಸಂಗ್ರಹಾಲಯಕ್ಕೆ ಹೋದೆವು. ಭಾರಿ ಸೀಡರ್ ತೊಲೆಗಳ ಕಟ್ಟಡ. ರೈಲು ಬರುವ ಮೊದಲು ಇಲ್ಲಿ ಏನೂ ಇರಲಿಲ್ಲವೆಂದು ಭಾವಿಸುವವರು ಇಲ್ಲಿಗೆ ಬರಬೇಕು. ಸಿಮ್ಷಿಯನ್ ಎಂಬ ಮೂಲನಿವಾಸಿ ಜನ ಈ ಬಂದರಿನ ಸುತ್ತ ಕನಿಷ್ಠ 5,000 ವರ್ಷಗಳಿಂದ ಬಾಳಿದ್ದಾರೆ; ಅವರ ಊರುಗಳಿದ್ದ ಕಡೆ ಚಿಪ್ಪಿನ ರಾಶಿಗಳು ಮಣ್ಣಿನೊಳಗೆ ಪದರಪದರವಾಗಿ ಸಿಗುತ್ತವೆ. ಒಂದು ಪೆಟ್ಟಿಗೆಯ ಮುಂದೆ ನಾವು ಬಹಳ ಹೊತ್ತು ನಿಂತೆವು. ನಾಲ್ಕು ಬದಿಗೂ ಸೇರಿ ಒಂದೇ ಹಲಗೆ. ಸೀಡರ್ ಹಲಗೆಗೆ ಮೂರು ಕಡೆ ಅಡ್ಡ ಕಚ್ಚು ಕೊರೆದು, ಹಬೆಯಲ್ಲಿ ಮೆದುಗೊಳಿಸಿ, ಮೂಲೆ ಮೂಲೆಗೂ ಬಗ್ಗಿಸಿ, ಕೊನೆಯ ಮೂಲೆಯನ್ನು ಮಾತ್ರ ಹೊಲಿಯುತ್ತಾರೆ ಅಥವಾ ಗೂಟ ಹೊಡೆಯುತ್ತಾರೆ. ನೀರು ಸೋರದಷ್ಟು ಬಿಗಿ. ಅದರೊಳಗೆ ನೀರು ತುಂಬಿ, ಕಾದ ಕಲ್ಲು ಹಾಕಿ ಅಡುಗೆ ಮಾಡುತ್ತಿದ್ದರು. ಪಕ್ಕದಲ್ಲಿ ಸೀಡರ್ ತೊಗಟೆಯ ನಾರಿನಿಂದ ಹೆಣೆದ ಅಗಲ ಅಂಚಿನ ಟೋಪಿ. ನಮ್ಮ ಗದ್ದೆಯ ಹೆಂಗಸರು ನಾಟಿಯ ಹೊತ್ತಿಗೆ ಹೊದೆಯುತ್ತಿದ್ದ ಗೊರಬಿನ ಕೆಲಸವನ್ನೇ ಅದು ಮಾಡುತ್ತಿತ್ತು. ಕೊಳೆಯದ ಮರ, ನೀರು ಜಾರಿಸುವ ನಾರು: ಇಷ್ಟು ಮಳೆಯ ನೆಲದಲ್ಲಿ ಬಾಳಲು ಬೇಕಾದದ್ದನ್ನು ಒಂದೇ ಮರದಿಂದ ಪಡೆದರು.

ಶನಿವಾರ

ಲೋಟದಲ್ಲಿ ಇಪ್ಪತ್ಮೂರು ಮಿಲಿಮೀಟರ್. ಅಪ್ಪಯ್ಯನ ಮುಖದಲ್ಲಿ ಸಮಾಧಾನ.

ಉಬ್ಬರ ಇಳಿತಕ್ಕೆ ದಿಕ್ಕು ಬದಲಿಸಿ ಧುಮುಕುವ ಕಡಲ ನೀರನ್ನು ನೋಡಲು, ಊರಿನಿಂದ ಕೆಲವೇ ಕಿಲೋಮೀಟರ್ ದೂರದ ಬಟ್ಸ್ ರ‍್ಯಾಪಿಡ್ಸ್‌ಗೆ ಟ್ಯಾಕ್ಸಿಯಲ್ಲಿ ಹೊರಟೆವು. ಚಾಲಕ ಜಲಂಧರ್ ಕಡೆಯವರು, ಇಲ್ಲಿಗೆ ಬಂದು ಬಹಳ ವರ್ಷವಾಗಿತ್ತು. ಅಪ್ಪಯ್ಯ ತಮ್ಮ ಹಿಂದಿಯಲ್ಲಿ, ‘ಭಾಯಿ ಸಾಹೇಬರೇ, ಇಲ್ಲಿ ಏನು ಬೆಳೆಯುತ್ತಾರೆ?’ ಎಂದು ಕೇಳಿದರು. ‘ಏನೂ ಇಲ್ಲ ಅಂಕಲ್‌ಜೀ. ಇಲ್ಲಿ ಬೆಳೆ ಎಂದರೆ ಮೀನು’ ಎಂದರು ಅವರು.

ಆ ಉತ್ತರದ ಅರ್ಥ ಹಾದಿಯಲ್ಲೇ ಕಂಡಿತು. ಮೊದಲು ರಸ್ತೆಯ ಆಚೆ ಬದಿಯ ಆಲಿವರ್ ಕೆರೆಯ ಜೌಗಿಗೆ ಇಳಿದೆವು. ಹಲಗೆ ಹಾಸಿದ ಹಾದಿ. ಸುತ್ತ ಸ್ಫ್ಯಾಗ್ನಮ್ ಪಾಚಿ, ಹಸಿರು, ಕೆಂಪು, ಕಂದು ಬಣ್ಣದ ಹಾಸಿಗೆ. ಅಪ್ಪಯ್ಯ ಹಲಗೆಯ ಅಂಚಿನಲ್ಲಿ ಕೂತು ಬೆರಳಿನಿಂದ ಮೆಲ್ಲಗೆ ಒತ್ತಿದರು. ನೀರು ಜಿನುಗಿ ಬೆರಳು ಮುಳುಗಿತು, ಕೈ ತೆಗೆದರೆ ಪಾಚಿ ಮತ್ತೆ ಉಬ್ಬಿತು. ಬಿದ್ದ ಮಳೆ ಆವಿಯಾಗಿ ಹೋಗುವಷ್ಟು ಬಿಸಿಲಿಲ್ಲ, ಬಸಿದು ಹೋಗಲು ಕೆಳಗೆ ಬಂಡೆ ಬಿಡುವುದಿಲ್ಲ. ಸತ್ತ ಪಾಚಿ ಕೊಳೆಯಲು ಬೇಕಾದ ಗಾಳಿಯೂ ಆ ನೀರಿನಲ್ಲಿ ಇಲ್ಲ. ಹಾಗಾಗಿ ಅದು ಸಾವಿರಾರು ವರ್ಷಗಳಿಂದ ಪದರವಾಗಿ ಕೂಡುತ್ತ ಬಂದಿದೆ. ನೆಲ ಹುಳಿ, ಸತ್ವವೆಲ್ಲ ತೊಳೆದುಹೋಗಿದೆ. ಅಲ್ಲಿ ನಿಂತ ಪೈನ್ ಮರಗಳು ಗಂಟುಗಂಟಾಗಿ ಮುರುಟಿವೆ. ನೂರು ವರ್ಷ ದಾಟಿದ ಮರವೂ ಆಳೆತ್ತರ ಮೀರುವುದು ಕಷ್ಟ.

ಪಾಚಿಯ ನಡುವೆ ಉಗುರಿನಗಲದ ಕೆಂಪು ಎಲೆಗಳು. ಎಲೆಯ ಅಂಚಿನ ಒಂದೊಂದು ಕೂದಲಿನ ತುದಿಯಲ್ಲೂ ಅಂಟಿನ ಹನಿ. ಒಂದರಲ್ಲಿ ಸಣ್ಣ ನೊಣ ಸಿಕ್ಕಿಕೊಂಡಿತ್ತು, ಕೂದಲುಗಳು ಅದರ ಮೇಲೆ ಬಾಗಿದ್ದವು. ‘ಇದು ನಮ್ಮ ಗದ್ದೆ ಬದುವಿನಲ್ಲೂ ಇದೆಯಲ್ಲ!’ ಎಂದರು ಅಪ್ಪಯ್ಯ. ಡ್ರೊಸೆರಾ ಎಂಬ ಈ ಕೀಟಾಹಾರಿ ಗಿಡದ ಬೇರೆ ಜಾತಿಗಳು ಪಶ್ಚಿಮ ಘಟ್ಟದ ಜೌಗು, ಬಂಡೆಹಾಸುಗಳಲ್ಲೂ ಬೆಳೆಯುತ್ತವೆ. ಮಳೆ ಮಣ್ಣಿನ ಸಾರಜನಕವನ್ನು ತೊಳೆದುಬಿಟ್ಟ ಕಡೆ ಗಿಡ ಅದನ್ನು ನೊಣದಿಂದ ಪಡೆಯುತ್ತದೆ. ಲೋಕದ ಎರಡು ಬದಿಯಲ್ಲಿ ಎರಡು ಬಗೆಯ ಮಳೆ ಒಂದೇ ಕೊರತೆಯನ್ನು ತಂದಿತ್ತು, ಅದಕ್ಕೆ ಗಿಡ ಕಂಡುಕೊಂಡ ದಾರಿಯೂ ಒಂದೇ ಆಗಿತ್ತು.

ರಸ್ತೆ ದಾಟಿ ಕಾಡಿಗೆ ಹೊಕ್ಕರೆ ನೋಟವೇ ಬೇರೆ. ಇಳಿಜಾರಿನಲ್ಲಿ ನೀರು ಹರಿದುಹೋಗುವ ಕಡೆ ಸೀಡರ್, ಹೆಮ್‌ಲಾಕ್, ಸ್ಪ್ರೂಸ್ ಮರಗಳು ತಲೆಯೆತ್ತಿ ನೋಡುವಷ್ಟು ಬೆಳೆದಿವೆ. ಬಿದ್ದ ಮರದ ಬೆನ್ನಿನ ಮೇಲೆ ಹೆಮ್‌ಲಾಕ್ ಸಸಿಗಳು ಸಾಲಾಗಿ ಹುಟ್ಟಿದ್ದವು. ಒಂದು ಮುದಿ ಸೀಡರ್ ಮರದ ಕಾಂಡದಲ್ಲಿ ಉದ್ದನೆಯ, ಮೇಲೆ ಹೋದಂತೆ ಚೂಪಾಗುವ ಗಾಯ. ಸಿಮ್ಷಿಯನ್ ಜನ ಬಹಳ ಹಿಂದೆ ತೊಗಟೆ ಸುಲಿದ ಗುರುತು ಅದು. ಕೆಳಗೆ ಅಡ್ಡ ಕೊಯ್ದು ಪಟ್ಟಿಯನ್ನು ಹಿಡಿದು ಹಿಂದಕ್ಕೆ ನಡೆಯುತ್ತ ಎಳೆದರೆ ತೊಗಟೆ ಮೇಲೆ ಹೋದಂತೆ ಕಿರಿದಾಗಿ ಕಿತ್ತು ಬರುತ್ತದೆ. ಒಂದು ಬದಿಯಷ್ಟೇ ಸುಲಿದದ್ದರಿಂದ ಮರ ಸಾಯಲಿಲ್ಲ. ಗಾಯದ ಎರಡೂ ಅಂಚಿನಿಂದ ಹೊಸ ಮರ ಬೆಳೆದು ತುಟಿಗಳಂತೆ ಮುಚ್ಚುತ್ತಿದೆ. ಮರವನ್ನು ಉಳಿಸಿಕೊಂಡೇ ಅದರಿಂದ ಪಡೆಯುವ ಈ ಬಗೆ ನನ್ನನ್ನು ಆ ದಿನ ಬೇರೆ ಎಲ್ಲಕ್ಕಿಂತ ಹೆಚ್ಚು ಮುಟ್ಟಿತು.

ಹಾದಿಯ ಕೊನೆಗೆ ನೀರಿನ ಅಬ್ಬರ. ಒಳಗಿನ ಮೋರ್ಸ್ ಬೇಸಿನ್ ಎಂಬ ಕಡಲಕೊಳಕ್ಕೂ ಹೊರಗಿನ ಫರ್ನ್ ಪ್ಯಾಸೇಜ್ ಎಂಬ ಕಡಲ ಹಾದಿಗೂ ನಡುವೆ ಇಕ್ಕಟ್ಟಾದ ಬಾಯಿ. ಈ ಕರಾವಳಿಯಲ್ಲಿ ದೊಡ್ಡ ಉಬ್ಬರ ಇಳಿತಗಳ ನಡುವಿನ ಅಂತರ ಏಳು ಮೀಟರ್‌ವರೆಗೂ ಹೋಗುತ್ತದೆ, ಅದೂ ದಿನಕ್ಕೆ ಎರಡು ಸಲ. ಮಂಗಳೂರಿನಲ್ಲಿ ಅದು ಒಂದೂವರೆ ಮೀಟರ್ ಆಸುಪಾಸು. ಹೊರಗೆ ಸಮುದ್ರ ಇಳಿಯುವ ವೇಗಕ್ಕೆ ಒಳಗಿನ ನೀರು ಈ ಕಿರಿದಾದ ಬಾಯಿಯಿಂದ ಹೊರಬರಲಾರದೆ ಎತ್ತರದಲ್ಲೇ ಉಳಿದು, ಉಪ್ಪುನೀರಿನ ಜಲಪಾತದಂತೆ ನೊರೆಗರೆಯುತ್ತ ಧುಮುಕುತ್ತದೆ. ಆರು ಗಂಟೆ ಕಳೆದು ಉಬ್ಬರ ಬಂದಾಗ ಅದೇ ಹೊಳೆ ಹಿಂದಕ್ಕೆ ಹರಿಯುತ್ತದೆ. ನಾವು ಇಳಿತದ ಹೊತ್ತಿಗೆ ಹೋಗಿದ್ದೆವು. ಹೋಗುವವರು ಉಬ್ಬರದ ವೇಳಾಪಟ್ಟಿ ನೋಡಿಕೊಂಡು ಹೋಗಬೇಕು. ನೀರು ತಿರುಗುವ ಹೊತ್ತಿನಲ್ಲಿ ಅಲ್ಲಿ ಕೆರೆಯಂತೆ ಶಾಂತವಾಗಿರುತ್ತದೆ.

ಹಿಂದಿರುಗುವಾಗ ಟ್ಯಾಕ್ಸಿಯವರು ಕೇಳದೆಯೇ ಹೆದ್ದಾರಿ ಪಕ್ಕದ ಒಂದು ತೊರೆಯ ಬಳಿ ನಿಲ್ಲಿಸಿದರು. ಮೊಣಕಾಲುದ್ದದ ನೀರು. ಅದರ ತುಂಬ ಮೊಟ್ಟೆಯಿಡಲು ಸಮುದ್ರದಿಂದ ಏರಿ ಬಂದ ಪಿಂಕ್ ಸಾಲ್ಮನ್ ಮೀನು. ಗಂಡುಗಳ ಬೆನ್ನು ಗೂನಾಗಿ ನೀರಿನ ಮೇಲೆ ಎದ್ದಿತ್ತು, ದವಡೆ ಕೊಕ್ಕೆಯಾಗಿತ್ತು. ಒಂದು ಹೆಣ್ಣು ಮೀನು ಮಗ್ಗುಲಾಗಿ ಮಲಗಿ ಬಾಲದಿಂದ ಜಲ್ಲಿಕಲ್ಲನ್ನು ಬಡಿದು ಬಡಿದು ಗುಂಡಿ ತೋಡುತ್ತಿತ್ತು. ಅದರ ಬಾಲದ ಅಂಚಿನ ಚರ್ಮ ಸವೆದು ಬಿಳಿಯಾಗಿತ್ತು. ಮೊಟ್ಟೆಯಿಟ್ಟ ಮೇಲೆ ಅದು ಬದುಕುವುದಿಲ್ಲ. ದಡದಲ್ಲಿ ಸತ್ತ ಮೀನುಗಳು, ಅವುಗಳ ಮೇಲೆ ಕಾಗೆ, ಕಡಲಹಕ್ಕಿಗಳು.

ಈ ಮೊಟ್ಟೆಗಳು ಚಳಿಗಾಲವಿಡೀ ಜಲ್ಲಿಯ ಅಡಿಯಲ್ಲಿರುತ್ತವೆ. ತೊರೆ ಒಣಗಬಾರದು, ಬಿಸಿಯಾಗಬಾರದು, ಭಾರಿ ನೆರೆ ಬಂದು ಜಲ್ಲಿಯನ್ನೇ ಕೊಚ್ಚಿಕೊಂಡು ಹೋಗಬಾರದು. ತಣ್ಣಗೆ, ಬಿಡುವಿಲ್ಲದೆ, ಹದವಾಗಿ ಹರಿಯಬೇಕು. ಲೋಟದಲ್ಲಿ ಹನ್ನೊಂದು, ಇಪ್ಪತ್ಮೂರು ಎಂದು ಕೂಡುತ್ತ ಹೋಗುವ ಸಾವಕಾಶದ ಮಳೆ ಮಾಡುವ ಕೆಲಸ ಅದೇ. ಕರಡಿಗಳೂ ಹದ್ದುಗಳೂ ಮೀನನ್ನು ಕಾಡಿನೊಳಕ್ಕೆ ಎಳೆದೊಯ್ದು ಅರ್ಧ ತಿಂದು ಬಿಡುತ್ತವೆ. ಹಾಗೆ ಸಾಗರದಿಂದ ಬಂದ ಸಾರಜನಕವನ್ನು ವಿಜ್ಞಾನಿಗಳು ತೊರೆದಂಡೆಯ ಮರಗಳ ಒಳಗೇ ಗುರುತಿಸಿದ್ದಾರೆ. ಮಳೆ ತೊಳೆದುಕೊಂಡು ಹೋದ ಗೊಬ್ಬರವನ್ನು ಮೀನು ಸಮುದ್ರದಿಂದ ಹೊತ್ತು ತಂದು ಕಾಡಿಗೆ ಹಾಕುತ್ತದೆ. ಇದನ್ನು ವಿವರಿಸಿದಾಗ ಅಪ್ಪಯ್ಯ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಹಾಗಾದರೆ ತೊರೆಯ ಬದಿಯ ಮರ ಕಡಿದರೆ ಮೀನು ಹೋಗುತ್ತದೆ, ಮೀನು ಹೋದರೆ ಮರ ಹೋಗುತ್ತದೆ’ ಎಂದರು. ಈ ಕರಾವಳಿಯ ಜನ ಕಾಡು, ನದಿಗಳಿಗಾಗಿ ದಶಕಗಳಿಂದ ಹೋರಾಡುತ್ತ ಬಂದಿರುವುದರ ಹುರುಳೂ ಅದೇ.

ಹೊತ್ತಿರುವಾಗಲೇ ಪೋರ್ಟ್ ಎಡ್ವರ್ಡ್ ಬಳಿಯ ನಾರ್ತ್ ಪೆಸಿಫಿಕ್ ಕ್ಯಾನರಿಯನ್ನೂ ನೋಡಿದೆವು. 1889ರಲ್ಲಿ ಶುರುವಾದ ಸಾಲ್ಮನ್ ಡಬ್ಬಿ ಕಾರ್ಖಾನೆ. ಈಗ ಸಂರಕ್ಷಿತ ಸ್ಮಾರಕ. ಉಬ್ಬರದ ನೀರಿನ ಮೇಲೆ ಕಂಬಗಳನ್ನೂರಿ ಕಟ್ಟಿದ ಉದ್ದನೆಯ ಹಲಗೆ ಬೀದಿ, ಅದರ ಇಕ್ಕೆಲದಲ್ಲಿ ಕೆಲಸಗಾರರ ಮನೆ. ಚೀನೀಯರು, ಜಪಾನೀಯರು, ಮೂಲನಿವಾಸಿಗಳು, ಬಿಳಿಯರು ಬೇರೆ ಬೇರೆ ಸಾಲುಗಳಲ್ಲಿ ಇರಬೇಕಿತ್ತು. ಮನೆಗಳ ಗಾತ್ರದಲ್ಲೇ ಯಾರಿಗೆ ಎಷ್ಟು ಬೆಲೆ ಇತ್ತೆಂಬುದು ತಿಳಿಯುತ್ತದೆ. ನೋಡಿ ಮನಸ್ಸು ಭಾರವಾಯಿತು.

ಭಾನುವಾರ

ಬೆಳಿಗ್ಗೆ ಎಂಟರ ರೈಲು. ಮಳೆ ನಿಂತಿತ್ತು, ಮಂಜು ಇತ್ತು. ಸ್ಕೀನಾ ಕಣಿವೆಯಲ್ಲಿ ಜಲಪಾತಗಳು ಗುರುವಾರಕ್ಕಿಂತ ದಪ್ಪವಾಗಿದ್ದವು. ಟೆರೇಸ್‌ನಲ್ಲಿ ಮೋಡ ತೆಳುವಾಯಿತು, ಹೇಝಲ್ಟನ್ ಬಳಿ ನೀಲಿ ಕಂಡಿತು, ಸ್ಮಿದರ್ಸ್ ಹೊತ್ತಿಗೆ ಕಿಟಕಿಯ ಪರದೆ ಇಳಿಸುವಷ್ಟು ಬಿಸಿಲು.

ಅಪ್ಪಯ್ಯ ಡೈರಿ ತೆರೆದು, ಯಾವ ತಿಂಗಳು ಎಷ್ಟು ಇಂಚು ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಅಕ್ಟೋಬರ್ ಹತ್ತಿರ ಬಂದಾಗ ಪೆನ್ನು ನಿಂತಿತು.

‘ಹದಿನಾಲ್ಕು ಇಂಚಿಗೂ ಹೆಚ್ಚು. ಅದನ್ನು ನೋಡಬೇಕಿತ್ತು.’

‘ಮುಂದಿನ ವರ್ಷ ಅಕ್ಟೋಬರಿನಲ್ಲೇ ಬನ್ನಿ ಅಪ್ಪಯ್ಯ.’

‘ಕೊನೆಕೊಯ್ಲಿನ ಹೊತ್ತಿಗೆ ತೋಟ ಬಿಟ್ಟು ಬರುವುದೇ? ಆಗದು. ಫೆಬ್ರವರಿಯಲ್ಲಿ ಎಷ್ಟು ಬೀಳುತ್ತದೆ?’

ಏಳೆಂಟು ಇಂಚು ಇರುತ್ತದೆ, ಸ್ವಲ್ಪ ಹಿಮವಾಗಿಯೂ ಬೀಳುತ್ತದೆ ಎಂದೆ. ನಮ್ಮಲ್ಲಿ ಆಗ ಒಂದು ಹನಿ ಇಲ್ಲ, ತೋಟಕ್ಕೆ ನೀರು ಹಾಯಿಸುವ ಕಾಲ. ಕೊಯ್ಲು ಮುಗಿದಿರುತ್ತದೆ, ಪಂಪು ತಮ್ಮ ನೋಡಿಕೊಳ್ಳುತ್ತಾನೆ ಎಂದು ಲೆಕ್ಕ ಹಾಕಿದರು. ಚಳಿಗಾಲದಲ್ಲೂ ಈ ರೈಲು ಓಡುತ್ತದೆಯೇ ಎಂದು ಕೇಳಿದರು. ಓಡುತ್ತದೆ. ಆದರೆ ಫೆಬ್ರವರಿಯ ಹಗಲು ಚಿಕ್ಕದು, ಹೋಗುವಾಗ ಟೆರೇಸ್ ಮುಟ್ಟುವ ಹೊತ್ತಿಗೆ ಕತ್ತಲಾಗುತ್ತದೆ. ಸ್ಕೀನಾ ಕಣಿವೆಯನ್ನು ನೋಡಬೇಕಾದರೆ ಹಿಂದಿರುಗುವ ಬೆಳಗಿನ ರೈಲಿನಲ್ಲಿ, ನದಿಯ ಬದಿಯ ಕಿಟಕಿ ಹಿಡಿದು ಕೂರಬೇಕು. ಅದನ್ನೂ ಡೈರಿಯಲ್ಲಿ ಬರೆದುಕೊಂಡರು.